ಪದಚರ್ಚೆ: ಬ್ಯಾನರಿಗೆ ‘ಸೈನ್ಸ್ ಕಮ್ಯುನಿಕೇಶನ್’, ಇವತ್ತು ಸಂಜೆಯೊಳಗೆ ಬೇಕು

ಕೇಳಿದವರು: ಅನುವಾದಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಬರುವ ವಾರ ಮೈಸೂರಿನಲ್ಲಿ ಎರಡು ದಿನದ ಸಮ್ಮೇಳನ ಇದೆ. ವಿಜ್ಞಾನವನ್ನು ಜನರಿಗೆ ತಿಳಿಸುವುದನ್ನೇ ವೃತ್ತಿ ಮಾಡಿಕೊಂಡವರು ಸೇರುತ್ತಾರೆ. ಪತ್ರಿಕೆಗೆ ಬರೆಯುವವರು, ಮ್ಯೂಸಿಯಂನವರು, ರೇಡಿಯೋದವರು, ಕೃಷಿ ಇಲಾಖೆಯವರು ಎಲ್ಲ ಇರುತ್ತಾರೆ. ಇಂಗ್ಲಿಷ್ ಹೆಸರು ‘ಪಬ್ಲಿಕ್ ಕಮ್ಯುನಿಕೇಶನ್ ಆಫ್ ಸೈನ್ಸ್’. 1989ರಲ್ಲಿ ಫ್ರಾನ್ಸಿನಲ್ಲಿ ಶುರುವಾಗಿ 2010ರಲ್ಲಿ ದೆಹಲಿಗೂ ಬಂದ ಅಂತಾರಾಷ್ಟ್ರೀಯ ಸಮ್ಮೇಳನಗಳಿಗೆ ಇರುವುದೂ ಹೆಚ್ಚುಕಡಿಮೆ ಇದೇ ಹೆಸರು.

ಆಯೋಜಕರು ಕೊಟ್ಟಿರುವ ಕನ್ನಡ: ‘ಸಾರ್ವಜನಿಕ ವಿಜ್ಞಾನ ಸಂವಹನ ಸಮ್ಮೇಳನ’. ಇಲ್ಲಿ ‘ಸಾರ್ವಜನಿಕ’ ಯಾವುದಕ್ಕೆ ಸೇರುತ್ತದೆ? ವಿಜ್ಞಾನಕ್ಕಾ, ಸಂವಹನಕ್ಕಾ, ಸಮ್ಮೇಳನಕ್ಕಾ? ನನಗೆ ಇದು ಒಪ್ಪಿಗೆಯಿಲ್ಲ. ಫ್ಲೆಕ್ಸ್ ಅಂಗಡಿಯವರು ಸಂಜೆ ಆರರೊಳಗೆ ಕೊಡಿ ಎಂದಿದ್ದಾರೆ. ಒಂದು ಗೋಷ್ಠಿಗೂ ಹೆಸರು ಬೇಕು: ‘ಡೆಫಿಸಿಟ್ ಮಾಡೆಲ್’. ಆಯೋಜಕರದು ‘ಕೊರತೆ ಮಾದರಿ’.

ಉತ್ತರ: ಪತ್ರಿಕೋದ್ಯಮದ ಉಪನ್ಯಾಸಕರು, ಮೈಸೂರು

‘ವಿಜ್ಞಾನ ಸಂವಹನ’. ‘ಸಾರ್ವಜನಿಕ’ ತೆಗೆದುಬಿಡಿ. ಸಂವಹನ ಆಗಲೇ ಬಳಕೆಯಲ್ಲಿದೆ, ವಿಭಾಗಗಳ ಬೋರ್ಡಿನ ಮೇಲೂ ಇದೆ. ಚರ್ಚೆ ಮಾಡುವಂಥದ್ದು ಏನೂ ಇಲ್ಲ.

ಉತ್ತರ: ನಿವೃತ್ತ ಭೌತಶಾಸ್ತ್ರ ಮೇಷ್ಟ್ರು, ಸರಸ್ವತಿಪುರಂ

> ಚರ್ಚೆ ಮಾಡುವಂಥದ್ದು ಏನೂ ಇಲ್ಲ.

ಇದೆ. ಶಾಲೆಯ ವಿಜ್ಞಾನ ಪುಸ್ತಕ ತೆಗೆದು ನೋಡಿ. ಶಾಖ ಹರಡುವುದು ಮೂರು ಬಗೆಯಲ್ಲಿ: ವಹನ, ಸಂವಹನ, ವಿಕಿರಣ. ಪಾತ್ರೆಯ ತಳದ ನೀರು ಕಾದು ಹಗುರಾಗಿ ಮೇಲೆ ಬರುತ್ತದೆ, ಮೇಲಿನ ತಣ್ಣೀರು ಕೆಳಗಿಳಿಯುತ್ತದೆ. ಅದಕ್ಕೆ ಸಂವಹನ ಎಂದು ಮಕ್ಕಳಿಗೆ ಕಲಿಸಿದ್ದೇವೆ. ಬೇರೆ ಯಾವ ಸಮ್ಮೇಳನಕ್ಕಾದರೂ ಸರಿ, ವಿಜ್ಞಾನದ ಸಮ್ಮೇಳನಕ್ಕೇ ಈ ಗೊಂದಲದ ಪದ ಏಕೆ? ಹಿಂದಿಯವರು ಸಂವಹನವನ್ನು ಶಾಖಕ್ಕೆ ಬಿಟ್ಟು ಕಮ್ಯುನಿಕೇಶನ್ನಿಗೆ ‘ಸಂಚಾರ್’ ಇಟ್ಟುಕೊಂಡರು. ನಮಗೆ ಆ ದಾರಿಯೂ ಇಲ್ಲ. ಕನ್ನಡದಲ್ಲಿ ಸಂಚಾರ ಎಂದರೆ ರಸ್ತೆಯ ಓಡಾಟ.

ಧಾತುವನ್ನೂ ನೋಡಿ. ‘ವಹ್’ ಎಂದರೆ ಹೊರು, ಸಾಗಿಸು. ಮೂಟೆ ಹೊತ್ತು ತಂದು ಇಳಿಸುವ ಅರ್ಥ. ತಿಳಿಸುವ ಕೆಲಸ ಅಷ್ಟೇನಾ? ನಮ್ಮದೇ ಒಂದು ಪದ ಇದೆ: ಅರುಹು. ಹಳಗನ್ನಡದಲ್ಲಿ ‘ಅಱಿ’ಗೆ ಪ್ರೇರಣೆಯ ರೂಪ ‘ಅಱಿಪು’. ಪಕಾರ ಹಕಾರವಾಗಿ ಅರುಹು ಆಯಿತು. ಇನ್ನೊಬ್ಬರು ಅರಿಯುವಂತೆ ಮಾಡುವುದು ಎಂದು ಅರ್ಥ. ಕಮ್ಯುನಿಕೇಶನ್ ಎಂದರೆ ಇದೇ. ‘ವಿಜ್ಞಾನ ಅರುಹು’ ಎಂದು ಬರೆಯಿರಿ ಮೇಡಂ.

ಉತ್ತರ: ಸಾಫ್ಟ್‌ವೇರ್ ಉದ್ಯೋಗಿ, ವಿಜಯನಗರ, ಮೈಸೂರು

ಮೇಷ್ಟ್ರು ಅರ್ಧ ದಾರಿಗೆ ನಿಂತರು. ಅರುಹು ಬೇಕಾದರೆ ವಿಜ್ಞಾನ ಏಕೆ? ‘ಅರಿಮೆ’ ಇದೆಯಲ್ಲ. ಅದೇ ಬೇರಿನ ಪದ. ‘ಅರಿಮೆಯ ಅರುಹು’.

ಉತ್ತರ: ಪತ್ರಿಕೋದ್ಯಮದ ಉಪನ್ಯಾಸಕರು

ಬೇಡ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಪತ್ರಿಕೆ ತಂದಾಗ ಅದಕ್ಕಿಟ್ಟ ಹೆಸರು ‘ವಿಜ್ಞಾನ’. ನೂರು ವರ್ಷ ದಾಟಿದೆ. ಇವತ್ತು ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಪದ. ಗೊತ್ತಿರುವ ಪದ ಕಿತ್ತು ಗೊತ್ತಿಲ್ಲದ್ದನ್ನು ನೆಡುವುದು ಯಾವ ಸಂವಹನ?

ಉತ್ತರ: ಕೃಷಿ ವಿಸ್ತರಣೆಯಲ್ಲಿದ್ದವರು, ಮಂಡ್ಯ

ಮೇಡಂ, ಆರು ಗಂಟೆಯೊಳಗೆ ನಿಮಗೆ ತಲುಪಲಿ ಎಂದು ಬೇಗ ಬರೆಯುತ್ತಿದ್ದೇನೆ.

ಎಲ್ಲರೂ ನಾಮಪದದ ಹಿಂದೆ ಬಿದ್ದಿದ್ದೀರಿ. ನನ್ನ ಮಟ್ಟಿಗೆ ತೊಂದರೆ ಇರುವುದು ವಿಭಕ್ತಿಯಲ್ಲಿ. ‘ಜನರಿಗೆ’ ಎಂದ ತಕ್ಷಣ ಒಬ್ಬ ಕೊಡುವವನು, ಒಬ್ಬ ತೆಗೆದುಕೊಳ್ಳುವವನು ಆಗಿಹೋಯಿತು. ನೀವು ಹೆಸರು ಕೇಳಿದ ಗೋಷ್ಠಿಯ ವಿಷಯವೂ ಅದೇ. 1985ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವರದಿ ಬಂತು. ವಾಲ್ಟರ್ ಬಾಡ್ಮರ್ ಅದರ ಮುಖ್ಯಸ್ಥರು. ಜನರಿಗೆ ವಿಜ್ಞಾನ ಇನ್ನೂ ಚೆನ್ನಾಗಿ ಅರ್ಥವಾಗಬೇಕು, ವಿಜ್ಞಾನಿಗಳು ಜನರ ಜೊತೆ ಮಾತಾಡಲು ಕಲಿಯಬೇಕು ಎಂದು ಅದು ಹೇಳಿತು. ಒಳ್ಳೆಯ ಮಾತೇ. ಆದರೆ ಅದರ ಹಿಂದೆ ನಡೆದ ಕೆಲಸದಲ್ಲಿ ಒಂದು ನಂಬಿಕೆ ಕೂತುಬಿಟ್ಟಿತು: ಜನಕ್ಕೆ ಗೊತ್ತಿಲ್ಲ, ಗೊತ್ತು ಮಾಡಿಸಿದರೆ ಒಪ್ಪುತ್ತಾರೆ. ‘ಡೆಫಿಸಿಟ್ ಮಾಡೆಲ್’ ಎನ್ನುವುದು ಇದಕ್ಕೇ. ಆಮೇಲೆ ಅಲ್ಲಿ ಹುಚ್ಚು ದನದ ರೋಗ ಬಂತು. ಮಾಂಸ ತಿನ್ನಬಹುದು, ಭಯ ಬೇಡ ಎಂದು ಸರ್ಕಾರ ವರ್ಷಗಟ್ಟಲೆ ಹೇಳಿತ್ತು. 1996ರಲ್ಲಿ ಮನುಷ್ಯರ ರೋಗಕ್ಕೂ ಅದಕ್ಕೂ ನಂಟಿರಬಹುದು ಎಂದು ಅದೇ ಸರ್ಕಾರ ಒಪ್ಪಿಕೊಳ್ಳಬೇಕಾಯಿತು. ಜನ ನಂಬಿಕೆ ಕಳೆದುಕೊಂಡರು. ಇಲ್ಲಿ ಕೊರತೆ ಇದ್ದದ್ದು ಜನರ ತಲೆಯಲ್ಲಿ ಅಲ್ಲ, ಅಲ್ವಾ? 2000ದಲ್ಲಿ ಬ್ರಿಟನ್ನಿನ ಮೇಲ್ಮನೆಯ ಸಮಿತಿ ಜನರ ಜೊತೆ ಸಂವಾದ ಬೇಕು ಎಂದು ಬರೆಯಿತು.

ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ಮಂಡ್ಯದಲ್ಲಿ ನಾಲೆ ನೀರು ಕಾಯುವ ಯಾವ ರೈತನನ್ನಾದರೂ ಕೇಳಿ. ಕೆಆರ್‌ಎಸ್ ತುಂಬಿದರೆ 124.80 ಅಡಿ, ಸುಮಾರು 49 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಎನ್ನುತ್ತಾನೆ. ಒಳಹರಿವು ಎಷ್ಟು ಕ್ಯೂಸೆಕ್ ಎಂದು ಬೆಳಿಗ್ಗೆ ಪೇಪರಿನಲ್ಲಿ ಮೊದಲು ನೋಡುತ್ತಾನೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗೆ ಸ್ವಲ್ಪ ಜಾಸ್ತಿ. ದಿನವಿಡೀ 11,500 ಕ್ಯೂಸೆಕ್ ಹೊರಗೆ ಹೋದರೆ ಹತ್ತಿರ ಹತ್ತಿರ ಒಂದು ಟಿಎಂಸಿ ಹೋಯಿತು. ಈ ಲೆಕ್ಕವನ್ನು ಟೀ ಅಂಗಡಿಯಲ್ಲಿ ಬಾಯಲ್ಲೇ ಹಾಕುವವರನ್ನು ನೋಡಿದ್ದೇನೆ. ಯಾರೂ ಕಮ್ಮಟ ಮಾಡಿ ಕಲಿಸಲಿಲ್ಲ, ಯಾರೂ ಪದ ಟಂಕಿಸಿ ಕೊಡಲಿಲ್ಲ. ಬೆಳೆ ಉಳಿಯಬೇಕಾದರೆ ಆ ಅಂಕಿ ಬೇಕಿತ್ತು, ಕಲಿತರು. ಇವರಿಗೆ ವಿಜ್ಞಾನ ‘ಅರುಹುವ’ ಮೊದಲು ಇವರಿಗೆ ಏನು ಗೊತ್ತಿದೆ ಎಂದು ಕೇಳಬೇಕು. ಎಷ್ಟೋ ಸಭೆಗಳಲ್ಲಿ ಇದನ್ನು ಮಾಡದೆ ನಾವು ಸುಮ್ನೆ ಭಾಷಣ ಹೊಡೆದು ಎದ್ದು ಬಂದಿದ್ದೇವೆ. ನನಗೆ ಈಗಲೂ ಅದರ ಬೇಸರ ಇದೆ.

ಅದಕ್ಕೇ ಬ್ಯಾನರಿಗೆ ನನ್ನ ಸಲಹೆ: ‘ಜನರೊಂದಿಗೆ ವಿಜ್ಞಾನ’. ಕೆಳಗೆ ಬೇಕಾದರೆ ಸಣ್ಣದಾಗಿ ‘ವಿಜ್ಞಾನ ಸಂವಹನಕಾರರ ಸಮ್ಮೇಳನ’ ಎಂದು ಹಾಕಿ. ಗೋಷ್ಠಿಗೆ ‘ಕೊರತೆ ಮಾದರಿ’ ಮಾತ್ರ ಬೇಡ. ಕನ್ನಡದಲ್ಲಿ ಮಾದರಿ ಎಂದರೆ ಅನುಸರಿಸಬೇಕಾದದ್ದು ಎಂದೂ ಅರ್ಥ. ಮಾದರಿ ಶಾಲೆ, ಮಾದರಿ ಗ್ರಾಮ ಎನ್ನುತ್ತೇವಲ್ಲ, ಹಾಗೆ. ಇಲ್ಲಿ ಬೈಯಬೇಕಾದ್ದನ್ನು ಹೊಗಳಿದಂತಾಗುತ್ತದೆ. ‘ಜನಕ್ಕೆ ಗೊತ್ತಿಲ್ಲ ಎಂಬ ನಂಬಿಕೆ’ ಎಂದೇ ಇಡಿ.

ಉತ್ತರ: ಅನುವಾದಕಿ, ಮೈಸೂರು

‘ಜನರೊಂದಿಗೆ ವಿಜ್ಞಾನ’ ಫ್ಲೆಕ್ಸಿಗೆ ಹೋಯಿತು. ಕೆಳಗಿನ ಸಾಲೂ ನೀವು ಹೇಳಿದ ಹಾಗೇ. ಗೋಷ್ಠಿಯ ಹೆಸರನ್ನು ಆಯೋಜಕರು ಒಂದೇ ಸಲಕ್ಕೆ ಒಪ್ಪಿದರು. ತುಂಬಾ ಉಪಕಾರವಾಯಿತು ಸಾರ್. ಮೇಷ್ಟ್ರಿಗೂ ವಂದನೆ.

ಉತ್ತರ: ಸಾಫ್ಟ್‌ವೇರ್ ಉದ್ಯೋಗಿ

ಬ್ಯಾನರ್ ಆಯಿತು, ಆದರೆ ಮಂಡ್ಯದವರ ಕ್ಯೂಸೆಕ್ ವಾದ ಒಪ್ಪುವುದಿಲ್ಲ. ಅಳತೆಯ ಹೆಸರು ಎರವಲು ಬಂದರೆ ಬರಲಿ. ಕ್ಯೂಸೆಕ್‌ನಿಂದ ಇನ್ನೊಂದು ಪದ ಹುಟ್ಟುತ್ತದಾ? ‘ಅರಿ’ಯಿಂದ ಅರಿವು, ಅರಿಕೆ, ಅರಿಮೆ, ಅರುಹು ಎಲ್ಲ ಹುಟ್ಟಿದವು. ಹತ್ತನೇ ತರಗತಿ ಹುಡುಗಿ ಒಂದು ಕಲಿತರೆ ಉಳಿದದ್ದನ್ನು ತಾನೇ ಊಹಿಸುತ್ತಾಳೆ. ಸಂಸ್ಕೃತದ ಪದವನ್ನು ಉರು ಹೊಡೆಯಬೇಕು, ಇಂಗ್ಲಿಷಿನದನ್ನೂ ಉರು ಹೊಡೆಯಬೇಕು. ನನ್ನ ಹಟ ಇದಕ್ಕೇ.

ಉತ್ತರ: ಪತ್ರಿಕೋದ್ಯಮದ ಉಪನ್ಯಾಸಕರು

ಹುಟ್ಟಿದರೆ ಸಾಲದು, ಜನ ಬಳಸಬೇಕು. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಇದೇ ಮೈಸೂರಿನಲ್ಲಿ ಬಾನುಲಿ ಕೇಂದ್ರ ಶುರು ಮಾಡಿದರು. ಅದರ ಹೆಸರು ‘ಆಕಾಶವಾಣಿ’. ಸಂಸ್ಕೃತವೇ. ಮುಂದೆ ಇಡೀ ದೇಶ ಆ ಹೆಸರು ತೆಗೆದುಕೊಂಡಿತು. ಪೆಟ್ಟಿಗೆಯನ್ನು ಮಾತ್ರ ಎಲ್ಲರೂ ರೇಡಿಯೋ ಎಂದರು, ಈಗಲೂ ಅನ್ನುತ್ತಾರೆ. ಒಂದಕ್ಕೆ ಸಂಸ್ಕೃತ ನಿಂತಿತು, ಒಂದಕ್ಕೆ ಇಂಗ್ಲಿಷ್. ಅಚ್ಚಗನ್ನಡದ ಬಾನುಲಿ ಬರಹದಲ್ಲಿ ಉಳಿಯಿತು. ನಿಮ್ಮ ತತ್ವ ಇದರಲ್ಲಿ ಯಾವುದನ್ನು ತಡೆಯಿತು?

ಉತ್ತರ: ಸಾಫ್ಟ್‌ವೇರ್ ಉದ್ಯೋಗಿ

ಬಾನುಲಿ ಎಂದು ನೀವೇ ಬರೆದಿದ್ದೀರಿ. ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ.

ಉತ್ತರ: ನಿವೃತ್ತ ಭೌತಶಾಸ್ತ್ರ ಮೇಷ್ಟ್ರು, ಸರಸ್ವತಿಪುರಂ

ಬಾನುಲಿ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಶಾಖದ ಸಂವಹನದ ಮಾತಿಗೆ ಇನ್ನೂ ಒಬ್ಬರೂ ಉತ್ತರ ಕೊಟ್ಟಿಲ್ಲ. ಕಮ್ಯುನಿಕೇಶನ್ನಿನವರು ಪದ ಬಿಡುವುದಿಲ್ಲ ಎಂದಾದರೆ ಭೌತಶಾಸ್ತ್ರದವರಾದರೂ ಬೇರೆ ಪದ ಹುಡುಕಬೇಕು. ಬಿಸಿಯಾದ ನೀರೇ ಎದ್ದು ಹೋಗಿ ಶಾಖ ಸಾಗಿಸುತ್ತದೆ ಎಂಬುದು ಆ ಪದದಲ್ಲಿ ಕಾಣಬೇಕು. ‘ಹರಿವಿನ ಶಾಖ’ ಸರಿಬರಲಿಲ್ಲ, ಅದು ಶಾಖದ ಒಂದು ಬಗೆ ಎನಿಸುತ್ತದೆ. ಪಾಠ ಮಾಡಿದ ಅನುಭವ ಇರುವವರು ಮಾತ್ರ ಬರೆಯಿರಿ.