ಸಾಫ್ಟ್‌ವೇರ್ ಕಂಪನಿಯೊಳಗೆ ಒಬ್ಬ ಒರಟು ಪತ್ತೇದಾರ

ಪ್ರಶ್ನೆ: ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಡೆಯುವ ಪತ್ತೇದಾರಿ ಕಾದಂಬರಿಯನ್ನು ಬರೆಯುತ್ತಿದ್ದೇನೆ. ಅಮೆರಿಕದ ಪತ್ತೇದಾರಿ ಕಾದಂಬರಿಕಾರರಾದ ಹ್ಯಾಮೆಟ್, ಚಾಂಡ್ಲರ್ ಅವರ ಪತ್ತೇದಾರರಂತೆ ನನ್ನ ನಾಯಕನೂ ಒಂಟಿ, ಯಾರನ್ನೂ ಸುಲಭವಾಗಿ ನಂಬದವನು. ಆದರೆ ಹೆಜ್ಜೆಹೆಜ್ಜೆಗೂ ಕ್ಯಾಮೆರಾ, ಯಾರು ಯಾವಾಗ ಏನು ಮಾಡಿದರೆಂದು ದಾಖಲಿಸುವ ಲಾಗ್ ಫೈಲುಗಳಿರುವಲ್ಲಿ ಅವನು ಪತ್ತೆ ಮಾಡಲು ಏನು ಉಳಿದೀತು?

ಉತ್ತರ 1: ದಾಖಲೆಗಳು ಸುಳ್ಳು ಹೇಳುವುದಿಲ್ಲವೆಂದು ನೀವು ಭಾವಿಸಿರುವಂತಿದೆ. ಕೋಡಿನ ಬದಲಾವಣೆಗಳ ಇತಿಹಾಸವನ್ನು ಕಾಪಿಡುವ ಗಿಟ್ ತಂತ್ರಾಂಶದಲ್ಲಿ ಕಮಿಟ್‌ನ (ಹೀಗೆ ದಾಖಲಾದ ಒಂದೊಂದು ಬದಲಾವಣೆಯ) ದಿನಾಂಕವನ್ನು ನಮೂದಿಸುವುದು ಅದನ್ನು ಮಾಡಿದವನ ಕಂಪ್ಯೂಟರೇ ಆದ್ದರಿಂದ, ನಡುರಾತ್ರಿ ಮಾಡಿದ ಕೆಲಸವನ್ನು ಹಿಂದಿನ ಮಧ್ಯಾಹ್ನದ್ದೆಂದು ತೋರಿಸುವುದು ಕಷ್ಟವಲ್ಲ. ಆದರೆ ಹಳೆಯ ಕಮಿಟ್ ಒಂದನ್ನು ತಿದ್ದಿದರೆ ಅದರ ಹ್ಯಾಶ್ (ಒಳಗಿರುವುದರಿಂದಲೇ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಮಾತ್ರವಲ್ಲ, ಅದರ ಮೇಲೆ ಕಟ್ಟಿದ ಎಲ್ಲ ಕಮಿಟ್‌ಗಳ ಹ್ಯಾಶ್‌ಗಳೂ ಬದಲಾಗುತ್ತವೆ. ರಜೆಯಲ್ಲಿದ್ದ ಸಹೋದ್ಯೋಗಿಯ ಲ್ಯಾಪ್‌ಟಾಪಿನಲ್ಲಿ ಹಳೆಯ ಪ್ರತಿ ಉಳಿದಿದ್ದರೆ, ಎರಡನ್ನೂ ಹೋಲಿಸಿ ತಿದ್ದಿದ್ದನ್ನು ಹಿಡಿಯಲು ನಿಮ್ಮ ನಾಯಕನಿಗೆ ಅಷ್ಟು ಸಾಕು.

ಉತ್ತರ 2: ಹ್ಯಾಶ್‌ಗಳ ವಿವರಣೆ ಎರಡು ಪುಟ ದಾಟಿದರೆ ನಾನಂತೂ ಪುಸ್ತಕ ಮುಚ್ಚಿಡುತ್ತೇನೆ. ನನಗೆ ಮುಖ್ಯವೆನಿಸುವುದು ಅಪರಾಧದ ಹಿಂದಿನ ಉದ್ದೇಶ. ಕಂಪನಿ ಉದ್ಯೋಗಿಗೆ ಕೊಡುವ ಷೇರುಗಳು 4 ವರ್ಷಗಳಲ್ಲಿ ಕಂತುಕಂತಾಗಿ ಕೈಸೇರುವ, ಮೊದಲ ವರ್ಷ ತುಂಬುವ ಮುನ್ನ ಹೊರಬಿದ್ದವರಿಗೆ ಏನೂ ಸಿಗದ ಒಪ್ಪಂದ ಈ ಕ್ಷೇತ್ರದಲ್ಲಿ ಸಾಮಾನ್ಯ. ಹನ್ನೊಂದನೆಯ ತಿಂಗಳಲ್ಲಿ ಕೆಲಸ ಕಳೆದುಕೊಂಡವನ ಸಿಟ್ಟನ್ನು ಓದುಗರಿಗೆ ವಿವರಿಸಬೇಕಿಲ್ಲ. ಹ್ಯಾಮೆಟ್ ಪಿಂಕರ್ಟನ್ ಸಂಸ್ಥೆಯಲ್ಲಿ ಪತ್ತೇದಾರರಾಗಿದ್ದವರು, ಚಾಂಡ್ಲರ್ 1932ರವರೆಗೆ ತೈಲ ಕಂಪನಿಯ ಅಧಿಕಾರಿ. ಕಚೇರಿಯ ಹಣದ ಲೆಕ್ಕ ಈ ಸಾಹಿತ್ಯ ಪ್ರಕಾರಕ್ಕೆ ಹೊಸದೇನಲ್ಲ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಆ ಲ್ಯಾಪ್‌ಟಾಪ್ ಹನ್ನೊಂದನೆಯ ತಿಂಗಳಲ್ಲಿ ಹೊರಬಿದ್ದವನದೇ ಆಗಿರಲಿ. ಅದನ್ನು ಹಿಂದಿರುಗಿಸುವಂತೆ ಕಂಪನಿ ಕಳುಹಿಸುವ ನೋಟಿಸಿನಿಂದಲೇ ಮೊದಲ ಅಧ್ಯಾಯವನ್ನು ಆರಂಭಿಸುತ್ತೇನೆ.