ಕಲ್ಲಿದ್ದಲು ಪದರದ ಅನಿಲ: ಮೊದಲು ನೀರನ್ನೇಕೆ ಹೊರತೆಗೆಯುತ್ತಾರೆ?

ಪ್ರಶ್ನೆ:
ಮಧ್ಯಪ್ರದೇಶದ ಶಹಡೋಲ್ ಭಾಗದ ಸೊಹಾಗ್‌ಪುರದಲ್ಲಿ ಗಣಿ ತೋಡದೆಯೇ, ಬಾವಿ ಕೊರೆದು ಕಲ್ಲಿದ್ದಲಿನಿಂದ ಅನಿಲ ತೆಗೆಯುತ್ತಿದ್ದಾರೆ. ಇಂತಹ ಬಾವಿಗಳಲ್ಲಿ ಮೊದಮೊದಲು ತಿಂಗಳುಗಟ್ಟಲೆ ನೀರನ್ನೇ ಎತ್ತುತ್ತಾರೆ ಎಂದು ಓದಿದೆ. ಅನಿಲಕ್ಕೂ ನೀರಿಗೂ ಏನು ಸಂಬಂಧ? ಆ ನೀರು ಎಲ್ಲಿಗೆ ಹೋಗುತ್ತದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಸಾಮಾನ್ಯ ಅನಿಲ ನಿಕ್ಷೇಪದಲ್ಲಿ ಅನಿಲವು ಮರಳುಗಲ್ಲಿನಂತಹ ಶಿಲೆಯ ರಂಧ್ರಗಳಲ್ಲಿ ತುಂಬಿಕೊಂಡಿರುತ್ತದೆ. ಕಲ್ಲಿದ್ದಲಿನಲ್ಲಿ ಹಾಗಲ್ಲ, ಅಲ್ಲಿನ ಅನಿಲವಾದ ಮೀಥೇನಿನ ಬಹುಪಾಲು ಇದ್ದಲಿನೊಳಗಿನ ಅತಿಸೂಕ್ಷ್ಮ ರಂಧ್ರಗಳ ಒಳಮೈಗೆ ಅಂಟಿಕೊಂಡಿರುತ್ತದೆ. ಪದರದ ಸಹಜ ಬಿರುಕುಗಳಲ್ಲಿ ನಿಂತ ನೀರಿನ ಒತ್ತಡ ಅದನ್ನು ಅಲ್ಲಿಯೇ ಹಿಡಿದಿಡುತ್ತದೆ. ನೀರನ್ನು ಪಂಪ್ ಮಾಡಿ ಒತ್ತಡ ಇಳಿಸಿದರೆ ಮಾತ್ರ ಅನಿಲ ಬಿಡಿಸಿಕೊಂಡು ಬಿರುಕುಗಳ ಮೂಲಕ ಬಾವಿಯತ್ತ ಹರಿಯುತ್ತದೆ. ಹೀಗಾಗಿ ಆರಂಭದಲ್ಲಿ ನೀರು ಹೆಚ್ಚು, ಅನಿಲ ಕಡಿಮೆ. ಕ್ರಮೇಣ ನೀರು ತಗ್ಗಿ ಅನಿಲ ಏರುತ್ತದೆ. ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ 2007ರಲ್ಲಿ, ಸೊಹಾಗ್‌ಪುರದಲ್ಲಿ 2017ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭವಾಯಿತು.

ಉತ್ತರ 2:
ನಿಮ್ಮ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ನೀರಿನ ಗುಣ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ವಯೋಮಿಂಗ್‌ನ ಪೌಡರ್ ರಿವರ್ ಕಣಿವೆಯಲ್ಲಿ ಅದರಲ್ಲಿ ಸ್ವಲ್ಪ ಭಾಗವನ್ನು ದನಕರುಗಳಿಗೆ ಕುಡಿಸುವಷ್ಟು ಸಿಹಿಯಿತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಸುರಾತ್ ಜಲಾನಯನದಲ್ಲಿ ಉಪ್ಪಿನಂಶ ಹೆಚ್ಚಿರುವುದರಿಂದ ಆರ್‌ಒ ಘಟಕಗಳಲ್ಲಿ ಶುದ್ಧೀಕರಿಸಿ ನೀರಾವರಿಗೆ ಕೊಡುತ್ತಾರೆ. ಶುದ್ಧೀಕರಣದ ನಂತರ ಉಳಿಯುವ ಗಟ್ಟಿ ಉಪ್ಪುನೀರಿನ ವಿಲೇವಾರಿಯೇ ಅಲ್ಲಿನ ದೊಡ್ಡ ತಲೆನೋವು. ಸೋಡಿಯಂ ತುಂಬಿದ ನೀರನ್ನು ಹಾಗೆಯೇ ಹೊಲಕ್ಕೆ ಬಿಟ್ಟರೆ ಜೇಡಿಮಣ್ಣು ಬಿಗಿದುಕೊಂಡು ನೀರು ಇಂಗುವುದೇ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸುತ್ತಲಿನ ರೈತರ ಬಾವಿಗಳು ಬತ್ತುವುದಿಲ್ಲವೇ?

ಉತ್ತರ 2:
ಇದ್ದಲಿನ ಪದರ ಆಳದಲ್ಲಿದ್ದು, ಅದಕ್ಕೂ ಮೇಲಿನ ಅಂತರ್ಜಲಕ್ಕೂ ನಡುವೆ ನೀರು ಬಿಡದ ಶಿಲೆ ಇದ್ದರೆ ಅಪಾಯ ಕಡಿಮೆ. ಎರಡಕ್ಕೂ ಸಂಪರ್ಕವಿದ್ದರೆ ಮಟ್ಟ ಕುಸಿಯಬಹುದು. ಕ್ವೀನ್ಸ್‌ಲ್ಯಾಂಡ್‌ನ ಕಾನೂನಿನ ಪ್ರಕಾರ, ಅನಿಲ ತೆಗೆಯುವುದರಿಂದ ರೈತರ ಕೊಳವೆಬಾವಿಗೆ ಧಕ್ಕೆಯಾದರೆ ಕಂಪನಿಯೇ ಅದನ್ನು ಸರಿಪಡಿಸಬೇಕು, ಇಲ್ಲವೇ ಬದಲಿ ವ್ಯವಸ್ಥೆ ಅಥವಾ ಪರಿಹಾರ ಕೊಡಬೇಕು. ಆದರೆ ಕೊರೆಯುವ ಮುನ್ನವೇ ಪ್ರತಿ ಬಾವಿಯ ನೀರಿನ ಮಟ್ಟವನ್ನೂ ಗುಣವನ್ನೂ ಅಳೆದು ದಾಖಲಿಸಿರದಿದ್ದರೆ, ಮುಂದೆ ಬಾವಿ ಬತ್ತಿದಾಗ ಕಾರಣ ಇದೇ ಎಂದು ತೋರಿಸುವುದು ರೈತನಿಗೆ ಬಹಳ ಕಷ್ಟವಾಗುತ್ತದೆ.