ಎರಡನೇ ಮಗುವಿಗೆ 5 ತಿಂಗಳು: ಕಾಪರ್-ಟಿನಾ, ಆಪರೇಷನ್ನಾ? ಮಾಡಿಸಿಕೊಂಡವರು ಹೇಳಿ

ತುಮಕೂರಿನ ಅಮ್ಮ: ದೊಡ್ಡವಳಿಗೆ 4 ವರ್ಷ, ಚಿಕ್ಕದಕ್ಕೆ 5 ತಿಂಗಳು. ಈ ಸಲ ಸಿಸೇರಿಯನ್. ಬರೀ ಎದೆಹಾಲು ಕೊಡುತ್ತಿದ್ದೇನೆ, ಮುಟ್ಟು ಇನ್ನೂ ಬಂದಿಲ್ಲ. ಇನ್ನು ಮಕ್ಕಳು ಬೇಡ. ಅತ್ತೆ ‘ಆಪರೇಷನ್ ಮಾಡಿಸ್ಕೊಂಡ್ಬಿಡು’ ಅನ್ನುತ್ತಾರೆ, ನಾದಿನಿ ಗರ್ಭಕೋಶದೊಳಗೆ ಹಾಕುವ ಕಾಪರ್-ಟಿ ಸಾಕು ಅನ್ನುತ್ತಾಳೆ. ಸಿಸೇರಿಯನ್ ಆದವರು ಏನು ಮಾಡಿಸಿಕೊಂಡಿರಿ?

ಬೆಣ್ಣೆದೋಸೆ: ಕಾಪರ್-ಟಿ ಹೆಸರೆತ್ತಬೇಡಿ. 2021ರಲ್ಲಿ ನರ್ಸಿಂಗ್ ಹೋಮ್ ಒಂದರಲ್ಲಿ 2,800 ಕೊಟ್ಟು ಹಾಕಿಸಿದೆ. 4 ದಿನದ ಮುಟ್ಟು 9 ದಿನವಾಯಿತು. ತಿಂಗಳಿಗೆ ಎರಡು ಪ್ಯಾಕೆಟ್ ಪ್ಯಾಡ್ ಸಾಕಾಗುತ್ತಿತ್ತು, ಐದಕ್ಕೆ ಹೋಯಿತು. ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟಿದ್ದೇನೆ. 8 ತಿಂಗಳಲ್ಲಿ ಹಿಮೋಗ್ಲೋಬಿನ್ 11ರಿಂದ 8.6ಕ್ಕೆ ಇಳಿಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ತೆಗೆಸೋಣ ಅಂತ ಹೋದರೆ ದಾರ ಒಳಗೆ ಸರಿದಿತ್ತು, ಸಿಗಲಿಲ್ಲ. ಸ್ಕ್ಯಾನಿಂಗ್ 900, ತೆಗೆದಿದ್ದಕ್ಕೆ 3,500, ಕಬ್ಬಿಣಾಂಶದ ಇಂಜೆಕ್ಷನ್ ಬೇರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುತ್ತಾರೆ ಅಂತ ಪಕ್ಕದ ಮನೆಯವರು ಹೇಳಿದ್ದು ಎಲ್ಲ ಮುಗಿದ ಮೇಲೆ!

ಮಲೆನಾಡ ಮಳೆ: ಅಕ್ಕ, ನಿಮಗೆ ಆಗಿಬರಲಿಲ್ಲ ಅಂತ ಊರನ್ನೆಲ್ಲ ಹೆದರಿಸಬೇಡಿ. ನನಗೆ ಹೆರಿಗೆಯಾದ ಮಾರನೇ ದಿನವೇ ಹಾಕಿದರು. 48 ಗಂಟೆಯೊಳಗೆ ಹಾಕಬಹುದು. 380ಎ ಅನ್ನುವ ಕಾಪರ್-ಟಿ, 10 ವರ್ಷದ್ದು. ಈಗ 9ನೇ ವರ್ಷ ನಡೆಯುತ್ತಿದೆ. ಖರ್ಚು ಅಂದರೆ ಬಸ್ ಚಾರ್ಜು. ಮೊದಲ ಮೂರ್ನಾಲ್ಕು ತಿಂಗಳು ನನಗೂ ಜಾಸ್ತಿ ಹೋಯಿತು, ಹೊಟ್ಟೆ ಕಿವುಚಿದಂಥ ನೋವು. ಆಮೇಲೆ ತಾನಾಗಿ ಸರಿಹೋಯಿತು. ಸ್ವಲ್ಪ ತಾಳ್ಮೆ ಬೇಕು.

ಬೆಣ್ಣೆದೋಸೆ: ತಾಳ್ಮೆನಾ? 8.6ಕ್ಕೆ ಇಳಿದವಳು ನಾನು. ನಿಮ್ಮ ತಾಳ್ಮೆ ನೀವೇ ಇಟ್ಟುಕೊಳ್ಳಿ.

ಗರಡಿಮನೆ: ಹೆಂಗಸರೇ ಕಿತ್ತಾಡುತ್ತಿದ್ದೀರಿ, ಗಂಡಂದಿರು ಎಲ್ಲಿ? ನಾನು ಎನ್‌ಎಸ್‌ವಿ ಮಾಡಿಸಿಕೊಂಡವನು, ಅಂದರೆ ಗಂಡಸರ ಸಂತಾನಹರಣ ಆಪರೇಷನ್. ಆ ವರ್ಷ ನಮ್ಮ ಆಸ್ಪತ್ರೆಯಲ್ಲಿ ನಾನೊಬ್ಬನೇ ಅಂತ ಸಿಸ್ಟರ್ ಹೇಳಿದರು. ಬ್ಲೇಡ್ ಇಲ್ಲ, ಹೊಲಿಗೆ ಇಲ್ಲ, ಒಂದು ಸಣ್ಣ ತೂತು. 20 ನಿಮಿಷ. ಸರ್ಕಾರದಿಂದ 1,100 ರೂಪಾಯಿ ಬಂತು, 5 ತಿಂಗಳು ಅಲೆಸಿದ ಮೇಲೆ. ಪಾಸ್‌ಬುಕ್ ಜೆರಾಕ್ಸನ್ನು ಮೂರು ಸಲ ಕೊಟ್ಟೆ. ತಪ್ಪು ಮಾಡಿದ್ದು ನಾನೇ. ಮೂರನೇ ದಿನ ಬೈಕ್ ಹತ್ತಿ ಅಡಿಕೆ ಮಂಡಿಗೆ ಹೋದೆ. ಊದಿ ಮಾವಿನಕಾಯಿಯಾಯಿತು. 11 ದಿನ ಮಲಗಿದೆ. ಲಂಗೋಟಿ ಬಿಗಿಯಾಗಿ ಕಟ್ಟಿ ಅಂದಿದ್ದರು, ಕೇಳಿರಲಿಲ್ಲ. ಮಾಡಿಸಿದ ದಿನದಿಂದಲೇ ನಿಶ್ಚಿಂತೆ ಅಂತಲೂ ಅಲ್ಲ. ನಾಳದಲ್ಲಿ ಹಳೇ ವೀರ್ಯಾಣು ಉಳಿದಿರುತ್ತವೆ. ಮೂರು ತಿಂಗಳು ಕಾಂಡೋಮ್ ಬಿಡಬಾರದು, ಆಮೇಲೆ ವೀರ್ಯ ಪರೀಕ್ಷೆ. ನನ್ನ ಮೊದಲ ರಿಪೋರ್ಟಿನಲ್ಲಿ ಇನ್ನೂ ಇತ್ತು, ಎರಡನೆಯದರಲ್ಲಿ ಸೊನ್ನೆ. ಲ್ಯಾಬಿಗೆ 350ರಂತೆ 700 ಹೋಯಿತು. ಭಾವಮೈದ ಹಬ್ಬಕ್ಕೆ ಬಂದಾಗಲೆಲ್ಲ ‘ಹೋರಿ ಎತ್ತಾಯ್ತು’ ಅನ್ನುತ್ತಾನೆ. ಎತ್ತಿನ ಕಥೆಯೇ ಬೇರೆ ಮಾರಾಯ. ನನ್ನ ಬೀಜ ಇದ್ದಲ್ಲೇ ಇದೆ. ಗಂಡಸುತನದ ಹಾರ್ಮೋನು ರಕ್ತದಲ್ಲಿ ಹೋಗುತ್ತದೆ, ಕಟ್ಟಿದ್ದು ವೀರ್ಯಾಣುವಿನ ದಾರಿ ಅಷ್ಟೇ.

ಮೇಷ್ಟ್ರ ಮಗ: ಉಪದೇಶ ಸಾಕು ಸಾರ್. ನಮ್ಮಪ್ಪ ಪ್ರೈಮರಿ ಮೇಷ್ಟ್ರು. 1976, ಎಮರ್ಜೆನ್ಸಿ. ‘ಕೇಸು’ (ಆಪರೇಷನ್ನಿಗೆ ಜನ) ತರದಿದ್ದರೆ ಸಂಬಳಕ್ಕೆ ಕುತ್ತು ಅಂತ ಹೆದರಿಸಿದ್ದರು. ಯಾರೂ ಸಿಗದೆ ಕೊನೆಗೆ ಅಪ್ಪನೇ ಹೋಗಿ ಮಲಗಿದರು. ಆಗ ಅವರಿಗೆ 29. ನಾನೊಬ್ಬನೇ ಮಗ. ಆ ವಿಷಯ ಅಮ್ಮ ಹೇಳಿದ್ದು ಅಪ್ಪ ತೀರಿಕೊಂಡ ಮೇಲೆ.

ಗರಡಿಮನೆ: ಅದು ಬಲವಂತ. ನಾನು ಹೋಗಿದ್ದು ನನ್ನ ಕಾಲ ಮೇಲೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಒಂಟಿಕೊಪ್ಪಲು: ಎಮರ್ಜೆನ್ಸಿಗೆ ಮುಂಚೆ ಏನೂ ಇರಲಿಲ್ಲ ಅನ್ನುವ ಹಾಗೆ ಮಾತಾಡುತ್ತೀರಲ್ಲ! ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. ದೇಶದ ಕುಟುಂಬ ಯೋಜನೆ ಬಂದದ್ದು 1952ಕ್ಕೆ.

ಮೇಷ್ಟ್ರ ಮಗ: ಮೈಸೂರಿನವರು ಬಂದರು ಅಂದರೆ ಸಂಸ್ಥಾನ ಬಂದೇ ಬಂತು.

ಮೂವರ ತಾಯಿ: ಆಪರೇಷನ್ ಅಂದರೆ ಪಕ್ಕಾ ಅಂದುಕೊಂಡವರು ಕೇಳಿ. ಲ್ಯಾಪ್ರೋಸ್ಕೋಪಿ (ದುರ್ಬೀನು ಹಾಕಿ ಮಾಡುವ ಆಪರೇಷನ್) ಆಗಿ 3 ವರ್ಷಕ್ಕೆ ನನಗೆ ಮುಟ್ಟು ನಿಂತಿತು. ಗ್ಯಾಸ್ ಅಂತ ಓಂಕಾಳಿನ ಕಷಾಯ ಕುಡಿದುಕೊಂಡು 4 ತಿಂಗಳು ಕಳೆದೆ. ಇನ್ನೂರಕ್ಕೆ ಒಬ್ಬರು ಹೀಗೆ ಆಪರೇಷನ್ ಆದಮೇಲೂ ಬಸುರಾಗುತ್ತಾರಂತೆ. ಆ ದಿನ ನಮ್ಮತ್ತೆ ನನ್ನನ್ನು ನೋಡಿದ ನೋಟ ಸಾಯುವವರೆಗೂ ಮರೆಯಲ್ಲ. ಆಪರೇಷನ್ ಕೈಕೊಟ್ಟಿದ್ದಕ್ಕೆ ಸಿಗುವ ಪರಿಹಾರಕ್ಕೆ 90 ದಿನದೊಳಗೆ ಅರ್ಜಿ ಕೊಡಬೇಕಿತ್ತು. ಆಪರೇಷನ್ ಸರ್ಟಿಫಿಕೇಟನ್ನು ಟ್ರಂಕಿನಲ್ಲಿ ಹುಡುಕುವಷ್ಟರಲ್ಲಿ ಗಡುವು ದಾಟಿತು. ಆ ಕಾಗದ ಜೋಪಾನ. ಮೂರನೆಯವನು ಈಗ ಎರಡನೇ ಕ್ಲಾಸು, ಮನೆಗೆಲ್ಲ ಮುದ್ದು. ಅದು ಬೇರೆ ಮಾತು.

ಸೂಜಿಮಲ್ಲಿಗೆ: ನನ್ನದು ಗರ್ಭ ತಡೆಯುವ ಅಂತರಾ ಇಂಜೆಕ್ಷನ್. 3 ತಿಂಗಳಿಗೊಂದು, ಪಿಎಚ್‌ಸಿಯಲ್ಲಿ ಪುಕ್ಕಟೆ, ಎದೆಹಾಲಿಗೂ ತೊಂದರೆಯಿಲ್ಲ. ಆದರೆ 7 ತಿಂಗಳು ಮುಟ್ಟೇ ಇಲ್ಲ. ಅದು ಆ ಇಂಜೆಕ್ಷನ್ನಿನ ಗುಣ ಅಂತ ಹೇಳಿದ್ದರು. ಆದರೂ ಭಯಕ್ಕೆ 60 ರೂಪಾಯಿಯ ಕಿಟ್ ಆರು ತಂದು ಪರೀಕ್ಷೆ ಮಾಡಿದೆ. ಆರರಲ್ಲೂ ಒಂದೇ ಗೆರೆ.

ರಿಟೈರ್ಡ್ ಸಿಸ್ಟರ್: ಈ ಹುಡುಗಿ ಬರೆದದ್ದನ್ನು ಯಾರೂ ಸರಿಯಾಗಿ ಓದಿಲ್ಲ ಅಲ್ವಾ? ನೋಡಮ್ಮ, ಈಗ ನಿನ್ನನ್ನು ಕಾಯುತ್ತಿರುವುದು ಎದೆಹಾಲು. ಅದೂ ಮಗುವಿಗೆ 6 ತಿಂಗಳು ತುಂಬುವ ತನಕ, ಹಗಲು ರಾತ್ರಿ ಹಾಲು ಬಿಟ್ಟು ಬೇರೇನೂ ಕೊಡದಿದ್ದರೆ, ಮುಟ್ಟು ಬಂದಿರದಿದ್ದರೆ ಮಾತ್ರ. ಇನ್ನೊಂದು ತಿಂಗಳು ಅಷ್ಟೇ. ಮುಟ್ಟು ಬರಲಿ ಅಂತ ಕಾಯಬೇಡ. ಅಂಡ ಮೊದಲು ಬರುತ್ತದೆ, ಮುಟ್ಟು ಅದರ ಹಿಂದೆ ಸುಮಾರು 14 ದಿನಕ್ಕೆ. ಮುಟ್ಟನ್ನೇ ನೋಡದೆ ಮತ್ತೆ ಬಸುರಾಗಿ ಬಂದವರನ್ನು ನನ್ನ ಸರ್ವಿಸಿನಲ್ಲಿ ಕಂಡಿದ್ದೇನೆ. ಸಿಸೇರಿಯನ್ ಆದವರಿಗೂ ಕಾಪರ್-ಟಿ ಹಾಕುತ್ತೇವೆ.

ಬೆಣ್ಣೆದೋಸೆ: ಮತ್ತೆ ಕಾಪರ್-ಟಿ!

ತುಮಕೂರಿನ ಅಮ್ಮ: ಸಿಸ್ಟರ್, ಥ್ಯಾಂಕ್ಸ್. ಸೋಮವಾರವೇ ಹೋಗುತ್ತೇನೆ. ನಮ್ಮವರೂ ಇದನ್ನೆಲ್ಲ ಓದಿದರು. ಏನೂ ಮಾತಾಡಲಿಲ್ಲ. ರಾತ್ರಿ ಲೈಟ್ ಆರಿಸುವಾಗ ‘ಲಂಗೋಟಿ ಎಲ್ಲಿ ಸಿಗುತ್ತೆ’ ಅಂತ ಕೇಳಿದರು.

ಗರಡಿಮನೆ: ಎರಡು ತಗೊಳ್ಳಲು ಹೇಳಿ ತಂಗಿ. ಒಂದು ಒಗೆದು ಹಾಕಿದಾಗ ಇನ್ನೊಂದು ಬೇಕಾಗುತ್ತದೆ. ಬೈಕ್ ಕೀ ನೀವೇ ಇಟ್ಟುಕೊಳ್ಳಿ.